ಗಿಟಾರಿನ ತಲೆಯ ಮೇಲಿನ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಬಹಳ ಚೆನ್ನಾಗಿದೆ. ರೈಲ್ವೆಯ ಡ್ರಾಯಿಂಗ್ ಆಫೀಸಿನಲ್ಲಿ ಕೂತು ಇಪ್ಪತ್ತೇಳು ವರ್ಷ ಬೋಗಿಗಳ ಮೇಲೆ ಬರೆಯುವ ಅಕ್ಷರ, ಅಂಕಿಗಳ ನಕ್ಷೆ ತೆಗೆದವನು ನಾನು. ಬೋಗಿ ಚೆನ್ನೈ ಬಿಟ್ಟು ಗುವಾಹಟಿಗೆ ಹೋದರೂ ಅದರ ಮೇಲಿನ ಎಂಟರ ಅಂಕಿ ಸೊಟ್ಟಗಿರುವುದಿಲ್ಲ. ಸೊಟ್ಟ ಗೆರೆ ಕಂಡರೆ ನನಗೆ ಮೈಯೆಲ್ಲ ಉರಿ. ಯಾರದೋ ಮದುವೆಯಲ್ಲಿ ಬಾಗಿಲಿಗೆ ಕಟ್ಟಿದ್ದ ಬೋರ್ಡು ವಾಲಿದೆಯೆಂದು ಎಲೆಯ ಮುಂದಿನಿಂದ ಎದ್ದುಹೋಗಿ ಸರಿಮಾಡಿ ಬಂದಿದ್ದೆ. ಅದು ಒಳ್ಳೆಯ ಗುಣವೆಂದೇ ನಾನು ತಿಳಿದಿದ್ದೆ.

ನನ್ನ ಹೆಂಡತಿ ನಾಗಮಣಿಯದು ಕಾಗೆ ಕಾಲು ಗುಬ್ಬಿ ಕಾಲು. ಗುಂಡ್ಲುಪೇಟೆಯ ಹತ್ತಿರದ ಶಾಲೆಯಲ್ಲಿ ಏಳನೆಯ ಕ್ಲಾಸಿಗೆ ಓದು ನಿಲ್ಲಿಸಿದವಳು. ಮಗಳು ಶ್ರೀಯಾ ಪ್ಲಸ್ ಟೂ ಪಾಸಾದಾಗ ಗಿಟಾರ್ ಬೇಕೆಂದು ಹಟ ಹಿಡಿದು ಕೊಡಿಸಿಕೊಂಡಳು. ಒಂದು ದಿನ ನಾನು ಆಫೀಸಿನಿಂದ ಬರುವುದರೊಳಗೆ, ತಂತಿ ಬಿಗಿಸುವ ಬಿರಡೆಗಳಿರುವ ಅದರ ತಲೆಯ ಮೇಲೆ, ನಾಗಮಣಿ ಗುಲಾಬಿ ಬಣ್ಣದ ನೈಲ್ ಪಾಲಿಶಿನಲ್ಲಿ ಮಗಳ ಹೆಸರು ಬರೆದಿಟ್ಟಿದ್ದಳು. ಕನ್ನಡದಲ್ಲಿ. ತಮಿಳು ಶಾಲೆಯಲ್ಲಿ ಓದಿದ ಶ್ರೀಯಾಳಿಗೆ ಕನ್ನಡದಲ್ಲಿ ಓದಲು ಬರುವುದು ಆ ಒಂದು ಹೆಸರು ಮಾತ್ರ.

"ಇದೇನೇ ಇದು, ಕೋಳಿ ಕೆದರಿದ ಹಾಗಿದೆ! ನನ್ನ ಕೇಳಬಾರದಿತ್ತಾ?" ಎಂದೆ.

"ಕೇಳಿದ್ರೆ ನೀವೇ ಬರ್ದುಬಿಡ್ತಿದ್ರಿ," ಎಂದು ಅವಳು ಒಳಗೆ ಹೋದಳು.

ಅವಳು ತೀರಿಕೊಂಡದ್ದು ೨೦೦೬ರ ಜೂನ್‌ನಲ್ಲಿ. ಹನ್ನೊಂದು ದಿನದ ಜ್ವರ, ಅಷ್ಟೇ. ಆಮೇಲೆ ಚೆನ್ನೈನ ಕ್ರೋಂಪೇಟೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಶ್ರೀಯಾ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಮೊದಲೂ ಹಾಗೇ ಇತ್ತು. ಆದರೆ ಆಗ ನಡುವೆ ನಾಗಮಣಿ ಇದ್ದಳು, ಮಗಳ ಮಾತನ್ನು ನನಗೂ ನನ್ನ ಮಾತನ್ನು ಮಗಳಿಗೂ ಮುಟ್ಟಿಸುತ್ತಿದ್ದಳು. ಈಗ ಊಟ ಆಯಿತಾ, ಆಯಿತು. ಕಾಲೇಜು ಇದೆಯಾ, ಇದೆ. ಅಷ್ಟು ಮುಗಿದರೆ ಅವಳ ಕೋಣೆಯ ಬಾಗಿಲು ಮುಚ್ಚುತ್ತಿತ್ತು, ಒಳಗಿನಿಂದ ಗಿಟಾರ್ ಕೇಳುತ್ತಿತ್ತು. ಆ ಸದ್ದು ಇದ್ದದ್ದರಿಂದ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸುತ್ತಿತ್ತು.

ಮಾರನೆಯ ವರ್ಷದ ಫೆಬ್ರವರಿಯಲ್ಲಿ ಅವಳ ಕೋಣೆ ಗುಡಿಸುವಾಗ ನನ್ನ ಕೈ ತಗುಲಿ ಗಿಟಾರ್ ಬಿತ್ತು. ತಲೆ ಕತ್ತಿನ ಹತ್ತಿರ ಲಟಕ್ಕನೆ ಮುರಿಯಿತು. ಮರದ ಗೋಂದು ಹಾಕಿ, ಕ್ಲ್ಯಾಂಪು ಬಿಗಿದು, ಎರಡು ದಿನ ಒಣಗಿಸಿ ಕೂಡಿಸಿದೆ. ಕೂಡಿಸಿದ ಗೆರೆ ಕಾಣಬಾರದೆಂದು ಇಡೀ ತಲೆಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಉಜ್ಜುವಾಗ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲವೆಂದು ಸುಳ್ಳು ಹೇಳಲಾರೆ. ಚೆನ್ನಾಗಿ ಮತ್ತೆ ಬರೆದರಾಯಿತು ಅಂದುಕೊಂಡೆ.

ಗೆಳತಿಯ ಊರಿನಿಂದ ಬಂದ ಶ್ರೀಯಾ ಬರಿಯ ಮರದ ಮೇಲೆ ಹೆಬ್ಬೆರಳಿಟ್ಟು ನಿಂತಳು. "ಏನ್ ಪಾ ತೇಚ್ಚೀಂಗ?" ಎಂದಳು. ಯಾಕಪ್ಪ ಉಜ್ಜಿದಿರಿ ಎಂದು.

"ಇದ್ದ ಹಾಗೇ ಮಾಡ್ಕೊಡ್ತೀನಿ ಕಂದ," ಎಂದು ಮಾತು ಕೊಟ್ಟೆ.

ಆಫೀಸಿನ ಅರವಿಂದ್ ದಾರಿ ತೋರಿಸಿದ. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದಿದ್ದ ಸಿ.ಡಿ. ತಂದುಕೊಟ್ಟ, ಅದರಲ್ಲಿ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್ ಇತ್ತು, ಬಿಟ್ಟಿ. ಮನೆಯ ಕಂಪ್ಯೂಟರಿಗೆ ಹಾಕಿಕೊಂಡೆ. ಶ್ರೀಯಾಳ ಹುಟ್ಟುಹಬ್ಬದಲ್ಲಿ ಅವನೇ ತೆಗೆದ ಫೋಟೋ ಒಂದರಲ್ಲಿ ಗಿಟಾರಿನ ತಲೆ ಹತ್ತಿರದಿಂದ ಕಾಣುತ್ತಿತ್ತು. ಆ ಫೋಟೋವನ್ನು ಕೆಳಗಿನ ಪದರದಲ್ಲಿಟ್ಟು ಅಲುಗಾಡದಂತೆ ಬೀಗ ಹಾಕಿ, ಮೇಲಿನ ಪದರದಲ್ಲಿ ಮೌಸಿನಿಂದ ಗೆರೆ ಎಳೆಯಬೇಕು. ಗೆರೆಯುದ್ದಕ್ಕೂ ಸಣ್ಣ ಸಣ್ಣ ಚುಕ್ಕೆಗಳು, ಚುಕ್ಕೆ ಹಿಡಿದು ಎಳೆದರೆ ಗೆರೆ ಬಾಗುತ್ತದೆ. ಅದರಲ್ಲೊಂದು ಆಜ್ಞೆ ಇದೆ, ಗೆರೆಯನ್ನು ಸರಳ ಮಾಡುವುದು. ಒಂದು ಸಲ ಒತ್ತಿದರೆ ಗೆರೆಯ ನಡುಕ ಸ್ವಲ್ಪ ಕಡಿಮೆಯಾಗುತ್ತದೆ. ನನಗೆ ಖುಷಿಯೋ ಖುಷಿ. ನಾಲ್ಕು ಸಲ ಒತ್ತಿದೆ. ಮೇಲಕ್ಕೆ ಏರಿದ್ದ ಕೊನೆಯ ಅಕ್ಷರವನ್ನು ಕೆಳಗಿಳಿಸಿ ಸಾಲಿಗೆ ತಂದೆ. ಬಾಲದಲ್ಲಿ ಪಾಲಿಶ್ ತೊಟ್ಟಿಕ್ಕಿ ಆಗಿದ್ದ ಗುಂಡನೆಯ ಕಲೆಯನ್ನು ಅಳಿಸಿದೆ.

ನೀರಿನಲ್ಲಿ ನೆನೆಸಿದರೆ ಅಕ್ಷರದ ತೆಳು ಪೊರೆ ಜಾರಿ ಬರುವ ಡೆಕಾಲ್ ಕಾಗದವೊಂದಿದೆ. ಪಿಂಗಾಣಿ ಬಟ್ಟಲಿನ ಮೇಲೆ ಹೆಸರು ಹಾಕುವ ಅಂಗಡಿಯವನೊಬ್ಬ ಪ್ಯಾರಿಸ್ ಕಾರ್ನರಿನ ಪೇಟೆಯಲ್ಲಿ ಸಿಕ್ಕಿದ, ಎರಡು ಹಾಳೆ ಕೊಟ್ಟ. ಒಂದರ ಮೇಲೆ ಬಣ್ಣದ ಲೇಸರ್ ಪ್ರಿಂಟ್ ತೆಗೆಸಿ, ಕತ್ತರಿಸಿ, ನೆನೆಸಿ, ಮರದ ಮೇಲೆ ಜಾರಿಸಿ, ಗಾಳಿಗುಳ್ಳೆ ಹೋಗುವಂತೆ ಹತ್ತಿಬಟ್ಟೆಯಲ್ಲಿ ಒತ್ತಿ, ಒಣಗಿದ ಮೇಲೆ ತೆಳ್ಳಗೆ ವಾರ್ನಿಶ್ ಕೊಟ್ಟೆ. ಕಂಪನಿಯಿಂದಲೇ ಬಂದ ಹಾಗೆ ಕಾಣುತ್ತಿತ್ತು.

ಶ್ರೀಯಾ ನೋಡಿ "ನಲ್ಲಾ ಇರುಕ್ಕು ಪಾ" ಎಂದಳು, ಚೆನ್ನಾಗಿದೆ ಎಂದು. ಗಿಟಾರನ್ನು ಬೀರುವಿನ ಮೇಲಿಟ್ಟಳು. ಒಂದು ವಾರವಾಯಿತು, ಮೂರು ವಾರವಾಯಿತು, ಇಳಿಸಲೇ ಇಲ್ಲ. ಬಾಗಿಲು ಮುಚ್ಚುತ್ತಿತ್ತು, ಒಳಗೆ ಏನೂ ಕೇಳುತ್ತಿರಲಿಲ್ಲ. ಆ ಮೌನದಲ್ಲಿ ನಾನು ಒಬ್ಬನೇ ಕೂತು ಅನ್ನ ತಿನ್ನುತ್ತಿದ್ದೆ. ಒಂದು ಬೆಳಿಗ್ಗೆ ತಡೆಯಲಾರದೆ ರೇಗಿಬಿಟ್ಟೆ.

"ಅಷ್ಟು ಕಷ್ಟಪಟ್ಟು ಮಾಡಿದೀನಿ, ಯಾಕಮ್ಮ ನುಡಿಸಲ್ಲ?"

"ಅದು ಉಂಗ ಎಳುತ್ತು ಪಾ," ಎಂದಳು ಮೆಲ್ಲಗೆ. "ಅಮ್ಮಾವೋಡದು ಇಲ್ಲ." ಅದು ನಿಮ್ಮ ಬರಹ ಅಪ್ಪ, ಅಮ್ಮನದಲ್ಲ.

ಅವಳು ಕಾಲೇಜಿಗೆ ಹೋದಳು. ನಾನು ರಜೆ ಹಾಕಿ, ನಾಗಮಣಿಯ ಕೈಬರಹ ಎಲ್ಲಾದರೂ ಸಿಕ್ಕೀತೆಂದು ಮನೆಯೆಲ್ಲ ಹುಡುಕಿದೆ. ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿಗಳು ನನ್ನವು. ಸಾಮಾನಿನ ಪಟ್ಟಿಗಳು ನನ್ನವು. ಮದುವೆಯಾದ ಹೊಸದರಲ್ಲಿ ಅವಳು ಪಟ್ಟಿ ಬರೆದರೆ ನಾನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ, ತಮಾಷೆಗೆ. ಆಮೇಲೆ ಅವಳು "ನೀವೇ ಬರ್ಕೊಳ್ಳಿ" ಎಂದು ಪೆನ್ನು ನನ್ನ ಕೈಗೆ ಕೊಡತೊಡಗಿದಳು. ಬ್ಯಾಂಕಿನ ಅರ್ಜಿಯ ಹಳೆಯ ಪ್ರತಿಯಲ್ಲಿ ಅವಳ ಸಹಿ ಸಿಕ್ಕಿತು. ಅದು ಕೂಡ ನಾನು ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದರ ಮೇಲೆ ಅವಳು ಪೆನ್ನು ಎಳೆದದ್ದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ತನ್ನಷ್ಟಕ್ಕೆ ತಾನು ಬರೆದದ್ದೆಂದು ಈ ಮನೆಯಲ್ಲಿ ಇದ್ದದ್ದು ಗಿಟಾರಿನ ಮೇಲಿನ ಆ ಎರಡು ಅಕ್ಷರ. ಅದನ್ನೂ ನಾನೇ ಉಜ್ಜಿ ತೆಗೆದಿದ್ದೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅವಳು ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಬೀಗ ಹಾಕಿದ ಪದರ ಹಾಗೇ ಇತ್ತು. ನನ್ನ ಅಕ್ಷರಗಳನ್ನು ಅಳಿಸಿ ಫೋಟೋವನ್ನು ದೊಡ್ಡದು ಮಾಡಿದೆ. ಈಗ ಅವಳ ಗೆರೆಯ ಮೇಲೆ ನಾನು ಎಳೆಯಬೇಕಿತ್ತು. ಸುಲಭವೆಂದುಕೊಂಡಿರೇನು? ನನ್ನ ಕೈ ತಾನಾಗಿಯೇ ನೇರಕ್ಕೆ ಹೋಗುತ್ತಿತ್ತು. ಒಂದೊಂದು ನಡುಕಕ್ಕೂ ಒಂದೊಂದು ಚುಕ್ಕೆ ಇಟ್ಟೆ, ಏಳು ಭಾನುವಾರ ಹಿಡಿಯಿತು. ಹಾಗೆ ಹತ್ತಿರದಿಂದ ನೋಡುತ್ತ ನೋಡುತ್ತ ಅವಳು ಬರೆದ ಬಗೆ ತಿಳಿಯಿತು. "ಶ್ರೀ"ಯನ್ನು ನಿಧಾನವಾಗಿ, ನಾಲಗೆ ಕಚ್ಚಿಕೊಂಡು ಬರೆದಿರಬೇಕು. ನಡುವೆ ಒಂದು ಕಡೆ ಬ್ರಷ್ ಒಣಗಿ ಮತ್ತೆ ಅದ್ದಿದ್ದಾಳೆ. "ಯಾ" ಮಾತ್ರ ಅವಸರದ್ದು. ದಡಬಡ ಮೇಲಕ್ಕೆ ಏರಿ, ಕೊನೆಯಲ್ಲಿ ತೊಟ್ಟಿಕ್ಕಿದೆ. ಗೇಟಿನ ಹತ್ತಿರ ನನ್ನ ಸ್ಕೂಟರಿನ ಸದ್ದು ಕೇಳಿಸಿರಬೇಕು.

ಉಳಿದಿದ್ದ ಹಾಳೆಯಲ್ಲಿ ಅದನ್ನು ಪ್ರಿಂಟ್ ತೆಗೆಸಿದೆ. ಹಳೆಯದನ್ನು ಕೆರೆದು ಇದನ್ನು ಅಂಟಿಸಿ, ಗಿಟಾರನ್ನು ಶ್ರೀಯಾಳ ಮಂಚದ ಮೇಲಿಟ್ಟೆ. ಮಧ್ಯಾಹ್ನ ಬಂದವಳು ತುಂಬ ಹೊತ್ತು ನೋಡಿದಳು. ಬಾಲದ ಆ ಕಲೆಯ ಮೇಲೆ ಹೆಬ್ಬೆರಳಾಡಿಸಿದಳು. ಪಾಲಿಶಿನದು ಉಬ್ಬಿಕೊಂಡಿತ್ತು, ಇದು ಸಪಾಟು. ಅದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು.

"ಇದು ಅಮ್ಮಾ ದಾನ್," ಎಂದಳು. ಇದು ಅಮ್ಮನೇ. ನನ್ನ ಭುಜ ಒಮ್ಮೆ ಮುಟ್ಟಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ತಂತಿ ಬಿಗಿಸುವ ಸದ್ದು ಬಂತು, ಸ್ವಲ್ಪ ಹೊತ್ತಿಗೆ ಹಾಡು ಬಂತು.

ನಾನು ಈಚೆ ಕಂಪ್ಯೂಟರಿನ ಮುಂದೆ ಕೂತೆ. ಆ ಎರಡು ಅಕ್ಷರಗಳನ್ನು ಪ್ರತಿ ಮಾಡಿ, ಬಿಡಿಸಿ, ತಿರುಗಿಸಿ, ಜೋಡಿಸಿ ನೋಡಿದೆ. ನನ್ನ ಹೆಸರು ವಿಷ್ಣುಮೂರ್ತಿ. ಸಂಜೆಯವರೆಗೆ ಏನು ಮಾಡಿದರೂ ಅದರಿಂದ ನನ್ನ ಹೆಸರು ಆಗಲಿಲ್ಲ. ನಾಗಮಣಿ ಅದನ್ನು ಒಂದು ಸಲವೂ ಬರೆದಿರಲಿಲ್ಲ. ಬರೆದಿದ್ದರೆ ನಾನು ತಿದ್ದುತ್ತಿದ್ದೆ.