ಬೀಜ ಕಡಿದವಳು

ಟೇಕಲ್ ಬೆಟ್ಟದ ಮಗ್ಗುಲಿನ ವೈನರಿಯಲ್ಲಿ ಭಾನುವಾರ ಬಂತೆಂದರೆ ಮುನಿಲಕ್ಷ್ಮಿಯ ಕೈಗೆ ಸ್ಟೀಲ್ ಬಕೆಟ್ಟು ಬರುತ್ತಿತ್ತು. ಬೆಂಗಳೂರಿನ ಅತಿಥಿಗಳು ವೈನನ್ನು ಗ್ಲಾಸಿನಲ್ಲಿ ಗಿರಗಿರ ತಿರುಗಿಸಿ, ಮೂಸಿ, ಬಾಯಿ ಮುಕ್ಕಳಿಸಿ ಆ ಬಕೆಟ್ಟಿನೊಳಗೆ ಉಗಿಯುತ್ತಿದ್ದರು. ಎಲ್ಲವನ್ನೂ ನುಂಗಿದರೆ ನಾಲ್ಕನೇ ಬಾಟಲಿಗೆ ನಾಲಗೆ ಮಂಕಾಗುತ್ತದಂತೆ. ಉಗಿಯಲಿ, ಅದು ಅವರ ಪದ್ಧತಿ. ಹತ್ತೊಂಬತ್ತು ವರ್ಷ ಆ ತೋಟದ ಬಳ್ಳಿ ಸವರಿದವಳು ಅವರ ಉಗುಳಿನ ಬಕೆಟ್ಟು ಹಿಡಿದು ನಿಲ್ಲಬೇಕೆಂಬುದು ಯಾರ ಪದ್ಧತಿ?

ಬಳ್ಳಿ ಹಬ್ಬಿಸಿದ ಕಲ್ಲುಕಂಬಗಳನ್ನು ಬಂಡೆಯಿಂದ ಸೀಳಿ ತೆಗೆದವನು ಅವಳಪ್ಪ ಕದಿರಪ್ಪ. ವೈನರಿಯ ಗೋಡೆಯ ಮೇಲಿನ ಫೋಟೋಗಳಲ್ಲಿ ಮಾಲೀಕನ ತಾತ ಇದ್ದ, ಅವನ ನಾಯಿಯೂ ಇತ್ತು. ಕದಿರಪ್ಪನಿರಲಿಲ್ಲ.

ದ್ರಾಕ್ಷಿ ಯಾವಾಗ ಕೊಯ್ಯಬೇಕೆಂದು ಹೇಳುತ್ತಿದ್ದವಳು ಮುನಿಲಕ್ಷ್ಮಿ. ಮೀಟರು ಸಿಹಿಯನ್ನಷ್ಟೇ ಅಳೆಯುತ್ತದೆ. ಅವಳು ಬೆಳಗಾಗುವ ಮುಂಚೆ ಸಾಲುಸಾಲು ನಡೆದು, ನೆರಳಿನ ಕಡೆಯ ಹಣ್ಣು ಕಿತ್ತು, ತಿರುಳು ನುಂಗಿ ಬೀಜ ಕಡಿಯುತ್ತಿದ್ದಳು. ಹಸಿರು ಬೀಜ ಹಲ್ಲಿಗೆ ಮೆತ್ತಿ ಒಗರು ಬಿಡುತ್ತದೆ. ಮಾಗಿದ್ದು ಹುರಿದ ಕಡಲೆಯಂತೆ ಪಟ್ಟನೆ ಒಡೆಯುತ್ತದೆ. ಎರಡು ವರ್ಷದ ಹಿಂದೆ ಮೀಟರು ಕೊಯ್ಯಿ ಎಂದಾಗ ಇವಳು ಒಂಬತ್ತು ದಿನ ತಡೆದಿದ್ದಳು. ಫೋಟೋಗಳ ಪಕ್ಕ ತೂಗುಹಾಕಿದ್ದ ಪದಕ ಬಂದದ್ದು ಆ ವೈನಿಗೇ.

ಈಗ ಕೊಯ್ಲಿನ ಮೇಲ್ವಿಚಾರಕರ ಕಾಯಂ ಕೆಲಸವೊಂದು ಖಾಲಿಯಿತ್ತು. ಅರ್ಜಿ ಹಾಕಿದವಳನ್ನು ಆಫೀಸು ಡಿಗ್ರಿ ಕೇಳಿತು. ಕೊಯ್ಲಿನ ದಿನ ಗೊತ್ತುಮಾಡುವವಳು ಇವಳೇ ಎಂದು ವೈನ್ ಮಾಡುವ ಗಂಗಾಧರ್ ಎರಡು ಸಾಲು ಬರೆದುಕೊಟ್ಟರೆ ಸಾಕಿತ್ತು. ಮುಳಬಾಗಿಲಿನ ಹುಡುಗ, ತೋಟದಲ್ಲಿ ಅಕ್ಕಾ ಎನ್ನುವವನು. "ಬರೀತೀನಿ ಬಿಡಕ್ಕ" ಎಂದು ಮೂರು ವಾರವಾಗಿತ್ತು.

ಆ ಭಾನುವಾರ ಗಂಗಾಧರ್ ಅತಿಥಿಗಳ ಮುಂದೆ ಗೊಂಚಲೊಂದನ್ನು ಎತ್ತಿ ಹಿಡಿದ. "ನಾನು ಮೀಟರ್ ನಂಬಲ್ಲ. ಬೀಜ ಜಗಿದು ನೋಡ್ತೀನಿ." ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ರೆಡಿ! ನಾಳೆನೇ ಕೊಯ್ಲು."

ಚಪ್ಪಾಳೆ ಬಿತ್ತು. ಕನ್ನಡಕದ ಹೆಂಗಸೊಬ್ಬಳು ಕೇಳಿದಳು, "ಇದನ್ನೆಲ್ಲಾ ಎಲ್ಲಿ ಕಲಿತ್ರಿ?"

"ಫ್ರಾನ್ಸಲ್ಲಿ. ಅಲ್ಲೊಬ್ಬ ಮುದುಕ ಹೇಳ್ಕೊಟ್ಟ."

ಮುನಿಲಕ್ಷ್ಮಿಯನ್ನು ಅಳಿಸಿದ್ದು ಸಾಲದೆಂದು, ಆ ಜಾಗಕ್ಕೆ ಬಿಳಿ ಮುದುಕನೊಬ್ಬನನ್ನು ತಂದು ಕೂರಿಸಿದ್ದ! ಬೆಳಿಗ್ಗೆಯಷ್ಟೇ ಅವಳು ಆ ಗೊಂಚಲು ಕಿತ್ತ ಸಾಲಿನದೇ ಬೀಜ ಕಡಿದು ಬಂದಿದ್ದಳು. ಇನ್ನೂ ಹಸಿರು.

ಬಕೆಟ್ಟನ್ನು ದಡಾರನೆ ನೆಲಕ್ಕಿಟ್ಟಳು. "ಯಾವ ಮುದುಕನೋ ಅವ್ನು? ಸೀರೆ ಉಟ್ಕೊಂಡಿದ್ನಾ?"

"ಏಯಮ್ಮಾ, ಹೋಗಿ ಗ್ಲಾಸ್ ತೊಳಿ."

"ತೋಟದಾಗೆ ಅಕ್ಕ, ಇಲ್ಲಿ ಏಯಮ್ಮನಾ?" ಗೊಂಚಲು ಕಿತ್ತುಕೊಂಡು ಅತಿಥಿಗಳ ಮುಂದೆ ಎಸೆದಳು. "ತಗೊಳ್ರಿ. ಬೀಜ ಜಗೀರಿ, ನುಂಗ್ಬೇಡ್ರಿ."

ಜಗಿದರು. ಒಬ್ಬೊಬ್ಬರ ಮುಖವೂ ಹಿಂಡಿಕೊಂಡಿತು. "ಥೂ, ಒಗರು!" ಎಂದ ಟೋಪಿಯವನು.

"ನಾಳೆ ಕೊಯ್ದ್ರೆ ಇದೇ ಒಗರು ನಿಮ್ಮ ಬಾಟ್ಲಿಗೆ ಇಳಿಯೋದು."

"ಹಾಗಾದ್ರೆ ಯಾವಾಗ ಕೊಯ್ಬೇಕು?" ಕನ್ನಡಕದವಳು ಈಗ ಮುನಿಲಕ್ಷ್ಮಿಯನ್ನೇ ಕೇಳಿದಳು.

"ನಂಗೊತ್ತು. ಹೇಳಲ್ಲ."

ಗಂಗಾಧರ್ ಹತ್ತಿರ ಸರಿದು ತೆಲುಗಿನಲ್ಲಿ ಪಿಸುಗುಟ್ಟಿದ, "ಎನ್ನಿ ದಿನಾಲಕ್ಕಾ?" ಇನ್ನೆಷ್ಟು ದಿನವೆಂದು ಪ್ರತಿವರ್ಷವೂ ಹೀಗೇ ಗುಟ್ಟಾಗಿ ಕೇಳುತ್ತಿದ್ದ.

"ಜೋರಾಗಿ ಕೇಳೋ! ಇವ್ರಿಗೆ ಅರ್ಥ ಆಗೋ ಭಾಷೇಲಿ ಕೇಳು."

"ಕೆಲಸ ಹೋಗುತ್ತೆ ನೋಡು."

"ಹೋಗ್ಲಿ. ನಾಳೆ ಕತ್ತರಿ ಹಿಡಿಯಾಕೆ ನಿನ್ ಮುದುಕನ್ನ ಕರೆಸ್ಕೋ. ನಮ್ ಬೀದಿಯಿಂದ ಒಬ್ಳೂ ಬರಲ್ಲ."

ಒಳಗೆ ಗ್ಲಾಸು ತೊಳೆಯುತ್ತಿದ್ದ ದೊಡ್ಡಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವಳ ಪಕ್ಕ ನಿಂತಳು. "ನಾನೂ ಬರಲ್ಲಪ್ಪಾ."

ಗಂಗಾಧರ್ ಅತಿಥಿಗಳತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ಈ ಸಲ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದ, "ಇನ್ನೆಷ್ಟು ದಿನ... ಅಕ್ಕಾ?"

"ಪತ್ರ ಕೊಡು, ಹೇಳ್ತೀನಿ. ಇಲ್ಲೇ ಬರಿ."

ಟೋಪಿಯವನು ಪೆನ್ನು ಚಾಚಿದ. ವೈನಿಗೆ ಅಂಕ ಬರೆಯುವ ಹಾಳೆಯ ಬೆನ್ನ ಮೇಲೆ ಗಂಗಾಧರ್ ಬರೆದ. ಮುನಿಲಕ್ಷ್ಮಿ ಅದನ್ನು ಕನ್ನಡಕದವಳ ಕೈಗೆ ಕೊಟ್ಟಳು. "ಎಲ್ರಿಗೂ ಕೇಳೋ ಹಂಗೆ ಓದಮ್ಮ."

"ಕೊಯ್ಲಿನ ದಿನ ನಿರ್ಧರಿಸುವಲ್ಲಿ ಶ್ರೀಮತಿ ಮುನಿಲಕ್ಷ್ಮಿಯವರು ನನಗೆ ಸಹಾಯ ಮಾಡಿರುತ್ತಾರೆ..."

"ಸಹಾಯ!" ಅವಳು ಮೇಜು ಗುದ್ದಿದ ರಭಸಕ್ಕೆ ಗ್ಲಾಸುಗಳು ಕಿಣಿಗುಟ್ಟಿದವು. "ಹತ್ತೊಂಬತ್ತು ವರ್ಷ ಸಹಾಯ ಮಾಡಿದ್ನೇನೋ ನಾನು? ಹೊಡೆದಾಕು ಅದನ್ನ. ತೀರ್ಮಾನ ಅವಳದೇ ಅಂತ ಬರಿ."

ಗಂಗಾಧರ್ ಆ ಸಾಲಿನ ಮೇಲೆ ಗೆರೆ ಎಳೆದು, ಮತ್ತೆ ಬರೆಯತೊಡಗಿದ. ಅವನ ಪೆನ್ನಿನ ತುದಿಯಿಂದ ಅವಳು ಕಣ್ಣು ಕೀಳಲಿಲ್ಲ.