ಶಿವರಾಜ್ ಗೇಟ್

ಗುಬ್ಬಿಯಿಂದ ಹಾಗಲವಾಡಿಗೆ ಓಡುವ ಪ್ರೈವೇಟ್ ಬಸ್ಸಿನಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಕಂಡಕ್ಟರ್. ದೇವರು ನನಗೆ ರೂಪ ಕೊಡಲಿಲ್ಲ, ಗಂಟಲು ಕೊಟ್ಟ. ನಾನು ಸ್ಟಾಪಿನ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ಚಪ್ಪಲಿ ಹುಡುಕುತ್ತಾನೆ. ಅಂಥ ನನ್ನನ್ನು ಹೋದ ಕಾರ್ತಿಕದಲ್ಲಿ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಮೂರು ದಿನ ಸತಾಯಿಸಿದಳು.

ಹೆಸರು ಚಿಕ್ಕಮಾರಮ್ಮ. ಮಗ ಶಿವರಾಜ್ ಕಾರ್ಗಿಲ್ ಯುದ್ಧದಲ್ಲಿ ಪ್ರಾಣ ಕೊಟ್ಟವನು. ಅವರ ಹಳ್ಳಿಗೆ ತಿರುಗುವ ಕ್ರಾಸಿನಲ್ಲಿ, ನಮ್ಮ ಕಡೆ ಅದಕ್ಕೆ ಗೇಟು ಅನ್ನುತ್ತೇವೆ, 'ವೀರಯೋಧ ಶಿವರಾಜ್ ತಂಗುದಾಣ' ಎಂಬ ಬೋರ್ಡಿದೆ. ಆದರೆ ಅಲ್ಲಿ ಮೊದಲು ಬ್ರಾಂದಿ ಅಂಗಡಿಯೊಂದಿತ್ತು. ಅದು ಮುಚ್ಚಿ ಹದಿನೈದು ವರ್ಷವಾದರೂ ಎಲ್ಲರ ಬಾಯಲ್ಲಿ ಅದು ಬ್ರಾಂದಿ ಅಂಗಡಿ ಗೇಟೇ. ನನ್ನ ಬಾಯಲ್ಲೂ ಅಷ್ಟೇ.

ಮೊದಲ ದಿನ ಎಂದಿನಂತೆ ಕೂಗಿದೆ. "ಬ್ರಾಂದಿ ಅಂಗ್ಡೀ, ಯಾರ್ರೀ ಬ್ರಾಂದಿ ಅಂಗ್ಡೀ, ಇಳ್ಕೊಳ್ರೀ!"

ಮುದುಕಿ ಅಲುಗಲಿಲ್ಲ.

"ಅಜ್ಜೀ, ನಿಮ್ಮೂರ್ ಗೇಟ್ ಬಂತು."

"ಶಿವರಾಜ್ ಗೇಟು ಅಂತ ಕೂಗು. ಇಳೀತೀನಿ."

ಬಸ್ಸೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ಕೂಗುವುದಿಲ್ಲ ಹೋಗು ಎಂದು ರೈಟ್ ಹೇಳಿದೆ. ಅವಳು ಹಾಗಲವಾಡಿವರೆಗೂ ಬಂದಳು, ವಾಪಸ್ ಟ್ರಿಪ್ಪಿನಲ್ಲೂ ಇಳಿಯದೆ ಗುಬ್ಬಿ ತಲುಪಿದಳು. ಎರಡನೇ ದಿನವೂ ಅದೇ ರಾಮಾಯಣ. ವಿಚಾರಿಸಿದರೆ, ಬೇರೆ ಬಸ್ಸಿನವರು ಬ್ರಾಂದಿ ಅಂಗಡಿ ಎಂದರೆ ತೆಪ್ಪಗೆ ಇಳಿಯುತ್ತಾಳಂತೆ!

ಮೂರನೇ ದಿನ ಹಾಗಲವಾಡಿಯಲ್ಲಿ ಡ್ರೈವರ್ ಚಿಕ್ಕಬೋರಯ್ಯ ಟೀ ಕುಡಿಯಲು ಇಳಿದಾಗ ಅವಳ ಎದುರು ಕೂತೆ.

"ಏನಜ್ಜಿ ನಿನ್ ಹಟ? ಊರ್ ಬಸ್ಸೆಲ್ಲ ಬಿಟ್ಟು ನಾನೇ ಯಾಕೆ?"

"ನನ್ ಮಗ ಪೆಟ್ಗೇಲಿ ಬಂದ ದಿನ ಆ ಗೇಟ್ನಾಗೆ ನೀನಿದ್ದಲ್ಲ?"

ಇದ್ದೆ. ರಸ್ತೆಯ ಎರಡೂ ಕಡೆ ಜನ, ನಮ್ಮ ಬಸ್ಸೂ ನಿಂತಿತ್ತು.

"ಮುಂದಿದ್ದ ಪೊಲೀಸ್ ಜೀಪ್ನೋರು ಎಲ್ಲಿ ತಿರುಗ್ಬೇಕು ಅಂದ್ರು. ಅಷ್ಟು ಜನ್ದಾಗೆ ಒಬ್ಬ ಕೂಗ್ದ, 'ಬ್ರಾಂದಿ ಅಂಗ್ಡಿ ತಾವ ತಿರುಗ್ಸೀ' ಅಂತ. ನಾನು ಹಿಂದ್ಗಡೆ ಲಾರೀಲಿ ಪೆಟ್ಗೆ ಮೇಲೆ ಕೈಯಿಟ್ಕಂಡು ಕೂತಿದ್ದೆ. ನನ್ ಮಗ ಕೊನೇ ಸಲ ಊರಿಗೆ ಬಂದಿದ್ದು ಆ ಮಾತ್ನ ಮೇಲೆ. ಇಪ್ಪತ್ತಾರು ವರ್ಷ ಆಯ್ತು. ಆ ಗಂಟ್ಲು ನಿಂದೇ ಕಣ್ಲಾ."

ನಾನು ತಲೆ ತಗ್ಗಿಸಿದೆ. ದಾರಿ ತೋರಿಸಿದೆನೆಂದು ಆ ದಿನ ಹೆಮ್ಮೆಪಟ್ಟಿದ್ದೆ.

"ಬಯ್ಯಾಕೆ ಬಂದಿಲ್ಲ ಬುಡು. ಹಂಗೆ ಕೂಗಿದ ಗಂಟ್ಲು ಒಂದ್ಸಲ ಹಿಂಗೂ ಕೂಗ್ಲಿ ಅಂತ ಬಂದೆ."

ನನಗೆ ಅಳು ಬಂತು. ಟಿಕೆಟ್ ಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ಎದ್ದೆ.

ವಾಪಸ್ ಬರುವಾಗ ಗೇಟು ಇನ್ನೂ ದೂರವಿರುವಾಗಲೇ ಫುಟ್‌ಬೋರ್ಡಿಗೆ ಬಂದು ಉಸಿರು ತುಂಬಿಕೊಂಡೆ. "ಶಿವರಾಜ್ ಗೇಟ್! ಯಾರ್ರೀ ಶಿವರಾಜ್ ಗೇಟ್!" ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರೂ ತಿರುಗಿ ನೋಡಿದರು.

"ಅದ್ಯಾವ್ದ್ಲಾ ಹೊಸ ಗೇಟು?" ಎಂದ ದಿನಾ ಬರುವ ಅಡವಿಯಪ್ಪ.

"ಹೊಸದಲ್ಲ ಕಣಣ್ಣ, ಇಪ್ಪತ್ತಾರು ವರ್ಷದ್ದು. ನಾನೇ ಲೇಟು."

ಚಿಕ್ಕಮಾರಮ್ಮ ಎದ್ದಳು. ಸೆರಗು ಹೊದ್ದು, ಯಾರ ಕೈಯನ್ನೂ ಹಿಡಿಯದೆ ಒಂದೊಂದೇ ಮೆಟ್ಟಿಲು ಇಳಿದು ಬೋರ್ಡಿನ ಕೆಳಗೆ ನಿಂತಳು.

"ಇನ್ನೊಂದ್ಸಲ ಕೂಗು."

ಕೂಗಿದೆ. ಈ ಸಲ ಅಡವಿಯಪ್ಪನೂ ಕೂಗಿದ, ಬಸ್ಸಿಗೆ ಬಸ್ಸೇ ಕೂಗಿತು. ಚಿಕ್ಕಬೋರಯ್ಯ ಹಾರ್ನ್ ಒತ್ತಿ ಹಿಡಿದವನು ಬಿಡಲೇ ಇಲ್ಲ. ಟೈಮ್ ಹಾಳಾಗಿಹೋಗಲಿ ಅನ್ನಿಸಿತು.

ಅಂದಿನಿಂದ ಆ ಗೇಟಿಗೆ ನಾನು ಬೇರೆ ಹೆಸರು ಕೂಗಿಲ್ಲ. ಒಬ್ಬರನ್ನು ನೋಡಿ ಒಬ್ಬರು, ಉಳಿದ ಬಸ್ಸಿನವರೂ ಕಲಿತರು. ಮೊನ್ನೆ ಗುಬ್ಬಿಯಲ್ಲಿ ಹೊಸಬಳೊಬ್ಬಳು ಹತ್ತಿದಳು, ಆ ಹಳ್ಳಿಗೆ ಬಂದ ಟೀಚರಂತೆ.

"ಶಿವರಾಜ್ ಗೇಟ್ ಒಂದು ಕೊಡಿ. ಸ್ಟಾಪ್ ಬಂದ್ರೆ ಸ್ವಲ್ಪ ಹೇಳ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಕಿಟಕಿ ಪಕ್ಕದಲ್ಲಿದ್ದ ಚಿಕ್ಕಮಾರಮ್ಮ ಸರಿದು ಜಾಗ ಮಾಡಿದಳು.

"ಬಾರವ್ವ, ಕೂತ್ಕೋ. ನಾನೂ ಅಲ್ಲೇ ಇಳಿಯೋದು. ಅದು ನನ್ ಮಗನ್ ಗೇಟು."