ಎಮ್ಮೆ ಮೆಚ್ಚಿದ ಹಿಂಡಿ

ಮೈಸೂರಿನಲ್ಲಿ ಲೀಲಾವತಿಯಾಗಿದ್ದ ಹುಡುಗಿ ಮದುವೆಯಾಗಿ ವಾಡಿ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಲೀಲಾಬಾಯಿಯಾಗಿದ್ದಳು. ಹೆಸರಿಗೊಂದು ಬಾಯಿ ಕೊಟ್ಟರು, ಸಂತೋಷ. ಆದರೆ ಅದನ್ನು ಅವಳು ತೆರೆದಾಗೆಲ್ಲ ಮಂದಿ ನಕ್ಕರು. ಕಡಲೆಕಾಯಿ ಅಂದರೆ ನಗು, ಯಾಕೆಂದರೆ ಇಲ್ಲಿ ಅದು ಶೇಂಗಾ. 'ಬರ್ತಾ ಇದೀನಿ' ಅಂದರಂತೂ ಪಕ್ಕದ ಕ್ವಾರ್ಟರ್ಸಿನವರು ಕೆಲಸ ಬಿಟ್ಟು ಕೇಳಲಿಕ್ಕೆ ಬರುತ್ತಿದ್ದರು. ಪಾಪ, ವಾಡಿಯಲ್ಲಿ ನಾಟಕದ ಕಂಪನಿ ಬರುವುದೇ ಅಪರೂಪ.

ಗಂಡ ವಾಸುದೇವರಾಯ, ವಾಡಿ ಸ್ಟೇಷನ್ನಿನ ಟಿಕೀಟು ಬಾಬು. ಬಹಳ ನೊಂದ ಜೀವ. ಹುಟ್ಟಿದೂರು ಬಿಟ್ಟು ಪರಸ್ಥಳದಲ್ಲಿ ಬದುಕುವ ಸಂಕಟ ಏನೆಂಬುದನ್ನು ದಿನಾ ಊಟದ ಹೊತ್ತಿಗೆ ಹೆಂಡತಿಗೆ ತಿಳಿಸಿ ಹೇಳುತ್ತಿದ್ದ. ಅವ್ವನ ಕೈಯ ಪುಂಡಿಪಲ್ಯ, ಅವ್ವ ಬಡಿದ ರೊಟ್ಟಿ, ಅವ್ವ ಕುಟ್ಟಿದ ಶೇಂಗಾ ಹಿಂಡಿ, ಇವೆಲ್ಲ ಇನ್ನು ಕನಸೇ ಎಂದು ನಿಟ್ಟುಸಿರು ಬಿಡುತ್ತಿದ್ದ. ಈ ಮಹಾದೂರದ ಹುಟ್ಟಿದೂರು ಯಾವುದೆಂದರೆ ಸೇಡಂ. ವಾಡಿಯಲ್ಲಿ ಮುಂಜಾನೆಯ ಗಾಡಿ ಹತ್ತಿ, ಚಿತ್ತಾಪುರದಲ್ಲಿ ಒಂದು ಆಕಳಿಕೆ ತೆಗೆದರೆ, ಮಧ್ಯಾಹ್ನದ ಊಟಕ್ಕೆ ಅವ್ವನ ಮುಂದೆ ಕೂಡಬಹುದು.

ಲೀಲಾಬಾಯಿಯ ತವರಿಗೆ ಹೋಗಬೇಕಾದರೆ ಗಾಡಿ ಬದಲಿಸಿ, ಮತ್ತೆ ಬದಲಿಸಿ, ಮುಖಕ್ಕೆಲ್ಲ ಇದ್ದಿಲ ಪುಡಿ ಬಳಿದುಕೊಂಡು, ತಾಯಿಗೂ ಗುರುತು ಸಿಗದ ಹಾಗಾಗಿ ಇಳಿಯಬೇಕು. ಆದರೆ ಆ ಮನೆಯಲ್ಲಿ ಪರದೇಶಿ ಎಂಬ ಪದವಿ ಒಂದೇ ಇತ್ತು, ಅದನ್ನು ಗಂಡ ಮೊದಲೇ ತೆಗೆದುಕೊಂಡಿದ್ದ. ಹೀಗಾಗಿ ಅವಳು ಹುರಿದ ಕಾಫಿಬೀಜದ ವಾಸನೆಯನ್ನೂ ಅಮ್ಮನ ಮೆಣಸಿನ ಸಾರನ್ನೂ ಒಲೆಯ ಮುಂದೆ ಒಬ್ಬಳೇ ನೆನೆಸಿಕೊಂಡು, ಗಂಡನಿಗೆ ಸಮಾಧಾನ ಹೇಳುತ್ತ ರೊಟ್ಟಿ ಬಡಿಯುವುದನ್ನು ಕಲಿತಳು. ಮೊದಮೊದಲಿನ ರೊಟ್ಟಿಗಳು ನಿಜಾಮರ ರಾಜ್ಯದ ನಕಾಶೆಯ ಹಾಗಿರುತ್ತಿದ್ದವು. ರಾಜಭಕ್ತಿ ಎಂದುಕೊಂಡು ಗಂಡ ತಿಂದ.

ಈಗ ಅವಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಮೈಸೂರಿಗೂ ಸೇಡಂಗೂ ಒಂದೇ ಪದ್ಧತಿ. ಲೀಲಾಬಾಯಿಗೆ ಬೇರೆ ಬಯಕೆಯೇ ಇರಲಿಲ್ಲ, ಅಮ್ಮನ ಹತ್ತಿರ ಹೋಗಬೇಕು, ಅಷ್ಟೇ. ಆದರೆ ಅಪ್ಪಣೆ ಕೊಡಬೇಕಾದವರು ಅತ್ತೆ ಸೀತಾಬಾಯಿ. ಬಸುರಿ ಹೆಂಗಸನ್ನು ಅಷ್ಟು ದೂರ ಗಾಡಿಯಲ್ಲಿ ಕುಲುಕಿಸುವುದು ಬೇಡ, ಸೇಡಂನಲ್ಲಿ ಇದುವರೆಗೆ ಕೂಸುಗಳು ಹುಟ್ಟಿಯೇ ಇಲ್ಲವೇನು ಎಂದು ಅವರು ಹೇಳಿಕಳಿಸಿದ್ದರು. ತಾವೇ ವಾಡಿಗೆ ಬಂದು, ಸೊಸೆಯ ರೀತಿನೀತಿ ನೋಡಿ, ಮುಂದಿನದನ್ನು ಹೇಳುತ್ತೇನೆಂದೂ ತಿಳಿಸಿದ್ದರು. ವಾಸುದೇವರಾಯ ಈ ವಿಷಯದಲ್ಲಿ ಏನನ್ನುತ್ತಿದ್ದ ಎಂದು ಕೇಳಬೇಡಿ. ಅವನು ಟಿಕೀಟು ಕೊಡುವ ಬಾಬು. ಎಲ್ಲಿಗೆ ಹೋಗಬೇಕೆಂಬುದನ್ನು ಯಾವಾಗಲೂ ಬೇರೆಯವರೇ ಹೇಳಬೇಕು.

ಅತ್ತೆ ಬರುವುದಕ್ಕೆ ಮುಂಚೆ ಅವರ ಮಡಿಕೆ ಬಂತು. ತಂದವನು ಪಕ್ಕದ ಮನೆಯ ಗಾರ್ಡ್ ಗನಿಸಾಬ. ಸೀತಾಬಾಯಿಯವರ ಮಡಿ ಸೇಡಂಗೇ ಹೆಸರಾದದ್ದು. ಅವರು ಸಾಬರ ಕೈಯಲ್ಲಿ ತಿನ್ನುವ ವಸ್ತು ಕಳಿಸುವುದುಂಟೇ? ಉಂಟು. ನೀರು ಮುಟ್ಟದ ಪದಾರ್ಥಕ್ಕೆ ಮೈಲಿಗೆಯಿಲ್ಲವಂತೆ. ಮಗನ ಹೊಟ್ಟೆಯ ಪ್ರಶ್ನೆ ಬಂದಾಗ ಶಾಸ್ತ್ರವೂ ಸ್ವಲ್ಪ ವಾಡಿಯ ಕಡೆ ವಾಲುತ್ತದೆ.

"ತಗೋರಿ ಬಾಯಿ, ನಿಮ್ಮ ಅತ್ತಿಯವರು ಶೇಂಗಾದ ಹಿಂಡಿ ಕಳಸ್ಯಾರ" ಎಂದು ಮಡಿಕೆಯನ್ನು ಕಟ್ಟೆಯ ಮೇಲಿಟ್ಟು ಗನಿಸಾಬ ಡ್ಯೂಟಿಗೆ ಓಡಿದ.

ಗಂಡ ದಿನಾ ಕನವರಿಸುತ್ತಿದ್ದ ಶೇಂಗಾ ಹಿಂಡಿಯ ಹೆಸರು ಲೀಲಾಬಾಯಿಯ ಕಿವಿಗೆ ಬಿದ್ದಿತ್ತು, ನಿಜ. ಆದರೆ ಗಂಡನ ಕನವರಿಕೆಯನ್ನು ಯಾವ ಹೆಂಡತಿ ತಾನೇ ಪೂರ್ತಿ ಕೇಳುತ್ತಾಳೆ? ಮೈಸೂರು ಸೀಮೆಯಲ್ಲಿ ಹಿಂಡಿ ಅಂದರೆ ಒಂದೇ ಅರ್ಥ, ಗಾಣದಲ್ಲಿ ಎಣ್ಣೆ ತೆಗೆದಮೇಲೆ ಉಳಿಯುವ ಚರಟ. ಅದನ್ನು ನೀರಿನಲ್ಲಿ ನೆನೆಸಿ ದನಕ್ಕೆ ಇಡುತ್ತಾರೆ. ದನವಿಲ್ಲದ ಮನೆಗೆ ಅತ್ತೆ ದನದ ಮೇವು ಯಾಕೆ ಕಳಿಸಿದರು? ಸ್ವಲ್ಪ ಯೋಚಿಸಿದ ಮೇಲೆ ಅವಳಿಗೆ ಹೊಳೆಯಿತು. ಹಾಲು ಬರುವುದು ಗನಿಸಾಬನ ಹೆಂಡತಿ ಇಮಾಮ್ಬೀಯ ಎಮ್ಮೆಯಿಂದ. ಹಾಲು ನೀರಾಗಿದೆ ಎಂದು ಹೋದ ಸಲ ಬಂದಾಗ ಅತ್ತೆ ಮೂಗು ಮುರಿದಿದ್ದರು. ಬಸುರಿ ಸೊಸೆಗೆ ಗಟ್ಟಿ ಹಾಲು ಸಿಗಲೆಂದು ಎಮ್ಮೆಗೇ ಮೇವು ಕಳಿಸಿದ್ದಾರೆ! ಲೀಲಾಬಾಯಿಗೆ ಕಣ್ಣು ತುಂಬಿ ಬಂತು. ಇಂಥ ಅತ್ತೆಯನ್ನು ತಾನು ಏನೆಂದುಕೊಂಡಿದ್ದೆ.

ಮಡಿಕೆ ಬಿಚ್ಚಿದಾಗ ಮೆಣಸಿನಕಾಯಿಯ ಘಾಟು ಬಂತು. ಈ ಸೀಮೆಯಲ್ಲಿ ಮನುಷ್ಯರು ತಿನ್ನುವ ಖಾರ ನೋಡಿದವಳಿಗೆ ಎಮ್ಮೆಯೂ ಖಾರ ತಿನ್ನುತ್ತದೆಂಬುದು ದೊಡ್ಡ ಆಶ್ಚರ್ಯವೆನಿಸಲಿಲ್ಲ. ಇಮಾಮ್ಬೀ ಶಹಾಬಾದಿಗೆ ತಂಗಿಯ ಮನೆಗೆ ಹೋಗಿದ್ದಳು, ಎಮ್ಮೆಯ ಕಡೆ ನಿಗಾ ಇರಲಿ ಎಂದು ಹೇಳಿಯೂ ಇದ್ದಳು. ಲೀಲಾಬಾಯಿ ಹಿಂಡಿಯನ್ನೆಲ್ಲ ಬಾನಿಗೆ ಸುರಿದು, ನೀರು ಹೊಯ್ದು, ಕಲಸಿ ಎಮ್ಮೆಯ ಮುಂದಿಟ್ಟಳು.

ಗನಿಸಾಬನಿಂದ ಸುದ್ದಿ ತಿಳಿದು ವಾಸುದೇವರಾಯ ಅವತ್ತು ಹಾಡಿಕೊಂಡೇ ಮನೆಗೆ ಬಂದ. ಕೈಕಾಲು ತೊಳೆದು, ರೊಟ್ಟಿಯ ಮುಂದೆ ಕೂತು, ಹಿಂಡಿ ಹಾಕು ಅಂದ.

"ಹಾಕಿದೆ" ಅಂದಳು.

"ಎಲ್ಲಿ ಹಾಕಿದಿ?"

"ಎಮ್ಮೆಗೆ."

ಸೇಡಂನಿಂದ ವಾಡಿ ಎಷ್ಟು ದೂರ ಎಂಬುದು ವಾಸುದೇವರಾಯನಿಗೆ ನಿಜವಾಗಿ ತಿಳಿದದ್ದು ಆ ಗಳಿಗೆಯಲ್ಲಿ. ಬರಿಯ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಕುರಕುಂಟಾದ ಹೊಲದ ಶೇಂಗಾವನ್ನು ಅವ್ವ ಹೇಗೆ ಹುರಿಯುತ್ತಾಳೆ, ಜೀರಿಗೆ ಎಷ್ಟು ಹಾಕುತ್ತಾಳೆ, ಒರಳಲ್ಲಿ ಹೇಗೆ ಕುಟ್ಟುತ್ತಾಳೆ ಎಂಬುದನ್ನು ಚರಮಗೀತೆಯಂತೆ ಹೇಳಿದ. ಲೀಲಾಬಾಯಿಗೆ ಆಗ ಅರ್ಥವಾಯಿತು, ಇಲ್ಲಿಯ ಹಿಂಡಿ ಎಂದರೆ ಚಟ್ನಿಪುಡಿ, ತಾನು ಎಮ್ಮೆಗೆ ಹಾಕಿದ್ದು ಮೇವಲ್ಲ, ಮೈಸೂರಿನ ಟಿಕೀಟು.

"ಅವ್ವಗ ಹೇಳಬ್ಯಾಡ" ಅಂದ ಗಂಡ. "ಛಲೋ ಇತ್ತು, ತಿಂದ್ವಿ ಅನ್ನು. ಇಲ್ಲಾಂದ್ರ ನಿನ್ನ ತವರುಮನಿ ಮರೀ."

ಸೀತಾಬಾಯಿ ಬಂದರು. ಗಾಡಿಯ ಮೈಲಿಗೆ ತೊಳೆದುಕೊಂಡರು, ಮನೆಯ ಮೂಲೆಮೂಲೆ ನೋಡಿದರು, ಸೊಸೆಯ ಹೊಟ್ಟೆ ನೋಡಿದರು, ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಹಿಂಡಿ ಹ್ಯಾಂಗಿತ್ತು ಎಂದು ಕೇಳಿದರು. ಬಹಳ ಚೆನ್ನಾಗಿತ್ತು, ಮುಗಿದೇ ಹೋಯಿತು ಎಂದಳು ಲೀಲಾಬಾಯಿ. ಅತ್ತೆಯ ಮುಖ ಅರಳಿತು. ಸ್ವಲ್ಪದರಲ್ಲಿ ಮೈಸೂರಿನ ಮಾತೂ ಬರುವಂತಿತ್ತು. ಎಣ್ಣೆಯಲ್ಲಿ ಕಲಸಿದಿರೋ ಮೊಸರಿನಲ್ಲೋ ಎಂದು ಸುಮ್ಮನೆ ಕೇಳಿದರು.

"ನೀರಲ್ಲಿ ನೆನೆಸಿ" ಅಂದುಬಿಟ್ಟಳು ಲೀಲಾಬಾಯಿ.

ವಾಸುದೇವರಾಯ ಎರಡು ಸಲ ಕೆಮ್ಮಿ, ಮೊಸರು, ಮೊಸರು ಎಂದ. ಅಷ್ಟರಲ್ಲಿ ಹಾಲಿನ ತಂಬಿಗೆ ಹಿಡಿದು ಇಮಾಮ್ಬೀ ಬಾಗಿಲಿಗೆ ಬಂದಳು. ದೇವರು ಕೆಲವರನ್ನು ಸರಿಯಾದ ಹೊತ್ತಿಗೇ ಕಳಿಸುತ್ತಾನೆ.

"ಬಾಯಿಯವರ, ಬಂದ್ರಿ ಛಲೋ ಆತು. ನಿಮ್ಮ ಸೊಸಿ ಅದೇನು ಹಿಂಡಿ ಹಾಕ್ಯಾಳೋ ಏನೋ, ನಮ್ಮ ಎಮ್ಮಿ ಈಗ ಗಾಣದ ಹಿಂಡಿ ಮೂಸಿ ಸುದ್ದಾ ನೋಡವಲ್ದು. ಬಾನಿ ನೆಕ್ಕಿ ನೆಕ್ಕಿ ಬೆಳ್ಳಗ ಮಾಡ್ಯದ. ಬರೇ ನೀರು ಕುಡೀಲಿಕತ್ತದ."

ಸೀತಾಬಾಯಿ ಎದ್ದು ಹಿತ್ತಲಿಗೆ ಹೋಗಿ ಎಮ್ಮೆಯನ್ನು ನೋಡಿದರು. ಎಮ್ಮೆ ಅವರನ್ನು ನೋಡಿತು. ಇಷ್ಟು ವರ್ಷ ಅವರ ಹಿಂಡಿ ತಿಂದ ಯಾರೂ, ಹೆತ್ತ ಮಗನೂ ಸೇರಿದಂತೆ, ಅಷ್ಟು ಗೌರವದಿಂದ ನೋಡಿರಲಿಲ್ಲ. ಆದರೂ ತಿರುಗಿ ಬಂದಾಗ ಅವರ ಹುಬ್ಬು ಗಂಟಾಗಿಯೇ ಇತ್ತು.

"ಯಾಕ ಹಾಕಿದಿ ಎಮ್ಮೀಗೆ? ಖರೇ ಹೇಳು."

ಲೀಲಾಬಾಯಿಗೆ ಸುಳ್ಳು ಹೇಳಿ ಸಾಕಾಗಿತ್ತು. "ನಮ್ಮ ಕಡೆ ಹಿಂಡಿ ಅಂದ್ರೆ ದನದ್ದು ಅತ್ತೆ. ಬಸುರಿಗೆ ಹಾಲು ಗಟ್ಟಿ ಬರಲಿ ಅಂತ ನೀವು ಕಳಿಸಿದ್ರಿ ಅಂದ್ಕೊಂಡೆ. ನಮ್ಮಮ್ಮ ಇಲ್ಲಿದ್ದಿದ್ರೂ ಇಷ್ಟು ಯೋಚನೆ ಮಾಡ್ತಿರಲಿಲ್ಲ ಅನ್ನಿಸ್ತು."

ಸೀತಾಬಾಯಿ ಆ ಹಿಂಡಿ ಮಗನಿಗೆಂದು ಕಳಿಸಿದ್ದು. ಸೊಸೆ ಕುಡಿಯುವ ಹಾಲು ಗಟ್ಟಿಯೋ ತೆಳ್ಳಗೋ, ಅವರ ತಲೆಯಲ್ಲಿ ಸುಳಿದೂ ಇರಲಿಲ್ಲ. ಅಷ್ಟರಲ್ಲಿ ಇಮಾಮ್ಬೀ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಯಾ ಅಲ್ಲಾ, ಇಂಥಾ ಅತ್ತಿ ನಮ್ಮ ತಂಗೀಗೆ ಸಿಗಬೇಕಿತ್ತು ನೋಡ್ರಿ" ಎಂದಳು. ಈ ಮಾತು ಇವತ್ತು ವಾಡಿಯಲ್ಲಿ, ನಾಳೆ ಗನಿಸಾಬನ ಗಾಡಿಯಲ್ಲಿ ಕೂತು ಚಿತ್ತಾಪುರ, ಸೇಡಂ ಎಲ್ಲ ಮುಟ್ಟುತ್ತದೆಂಬುದು ಸೀತಾಬಾಯಿಗೆ ಗೊತ್ತಿತ್ತು.

"ಹೂಂ ಮತ್ತ" ಅಂದರು ನಿಧಾನಕ್ಕೆ. "ಬಸರಿ ಹೆಂಗಸಿನ ಕಾಳಜಿ ನಾವು ಮಾಡಲಾರದ ಯಾರು ಮಾಡಬೇಕು?"

ಒಳ್ಳೆಯವಳೆಂಬ ಹೆಸರು ಒಮ್ಮೆ ಬಂದುಬಿಟ್ಟರೆ ಅದನ್ನು ಸಾಕುವುದು ಎಮ್ಮೆ ಸಾಕಿದ್ದಕ್ಕಿಂತ ಕಷ್ಟ. ಅದಕ್ಕೂ ದಿನಾ ಮೇವು ಬೇಕು. ಇಂಥ ಅತ್ತೆ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸದೆ ಇರುತ್ತಾರೆಯೇ ಎಂದು ಇಮಾಮ್ಬೀ ಕೇಳಿದಾಗ ಅವರಿಗೆ ಬೇರೆ ದಾರಿಯೇ ಉಳಿದಿರಲಿಲ್ಲ. ವಾಸುದೇವರಾಯ ಟಿಕೀಟು ಹರಿದು ಕೊಟ್ಟ. ಸನ್ನತಿಯ ಚಂದ್ರಲಾಂಬೆಗೆ ಸೊಸೆಯ ಹೆಸರಿನಲ್ಲಿ ಹರಕೆ ಹೊತ್ತು, ಸೀತಾಬಾಯಿ ಹೊಸದಾಗಿ ಕುಟ್ಟಿದ ಒಂದು ಮಡಿಕೆ ಹಿಂಡಿಯನ್ನು ಅವಳ ಮಡಿಲಲ್ಲಿಟ್ಟರು. "ಇದು ನೀ ತಿನ್ನೂದು" ಎಂದು ಗಾಡಿ ಹೊರಡುವವರೆಗೂ ಕಿಟಕಿಯಲ್ಲಿ ಹೇಳಿದರು.

ಮೈಸೂರಿನಲ್ಲಿ ಲೀಲಾವತಿಗೆ ಬೇಕಾದದ್ದೆಲ್ಲ ಸಿಕ್ಕಿತು. ಕಾಫಿ ಸಿಕ್ಕಿತು, ಮೆಣಸಿನ ಸಾರು ಸಿಕ್ಕಿತು, ಮಲ್ಲಿಗೆಯಂಥ ಅನ್ನ ಸಿಕ್ಕಿತು. ಒಂದು ವಾರ ಅಮ್ಮನ ಅಡುಗೆಯನ್ನು ಹೊಗಳಿ ಹೊಗಳಿ ಉಂಡಳು. ಅದರ ಮಾರನೆಯ ದಿನ ಊಟಕ್ಕೆ ಕೂತವಳಿಗೆ ಎಲೆಯ ಮೇಲಿನದೆಲ್ಲ ಯಾಕೋ ಸಪ್ಪೆ ಅನ್ನಿಸಿತು. ಬಂದಾಗ ತಂದ ಮಡಿಕೆ ನೆನಪಾಯಿತು. ಅಮ್ಮ, ಹಿಂಡಿ ಎಲ್ಲಿ ಎಂದು ಕೇಳಿದಳು.

"ಬಂದ ದಿವಸವೇ ಕೊಟ್ಟಿಗೆಯಲ್ಲಿ ಗೌರಿಗೆ ಹಾಕಿಸಿಬಿಟ್ಟೆನಲ್ಲೇ" ಅಂದರು ಅಮ್ಮ. "ಅದೂ ಮೂಸಿ ನೋಡಿ ಸೀನಿಬಿಡ್ತು. ಆ ದೇಶದಿಂದ ಹಸುವಿನ ಮೇವು ಹೊತ್ತುಕೊಂಡು ಬಂದಿದ್ದೀಯಲ್ಲ, ನಮ್ಮಲ್ಲಿ ಗಾಣ ಇಲ್ಲವೇ?"

"ಅಯ್ಯವ್ವಾ, ಅದು ನಾ ತಿನ್ನೂದಿತ್ತು" ಎಂದವಳೇ ಲೀಲಾವತಿ ಎದ್ದು ಕೊಟ್ಟಿಗೆಗೆ ಹೋದಳು. ಮೂಲೆಯಲ್ಲಿ ಬಿದ್ದಿದ್ದ ಮಡಿಕೆಯ ತಳದಲ್ಲಿ ಅಂಟಿದ್ದನ್ನು ಬೆರಳಿನಿಂದ ಬಳಿದು ಬಳಿದು ನೆಕ್ಕಿದಳು.

ಬಾಗಿಲಲ್ಲಿ ನಿಂತು ನೋಡಿದ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು, ಆ ನಿಜಾಮನ ಸೀಮೆಯಲ್ಲಿ ಪಾಪ, ಹುಡುಗಿಗೆ ಹಿಂಡಿ ತಿನ್ನಿಸಿ ಇಟ್ಟಿದ್ದರಂತೆ.